ನಾನು ಬೇರೆ ಒಲೆ ಹೂಡಿದ್ದು

ನನ್ನ ಸೊಸೆ ಮುದ್ದೆಯಲ್ಲಿ ಏನೋ ಬೆರೆಸಿ ನನ್ನನ್ನು ಮುಗಿಸಲು ನೋಡುತ್ತಿದ್ದಾಳೆ ಎಂದು ನಾನು ಮೂರು ವಾರ ನಂಬಿದ್ದೆ. ಮುಚ್ಚಿಡುವುದೇನು? ಓದಿದ್ದು ಎರಡನೇ ಕ್ಲಾಸು, ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಚಾಮರಾಜನಗರ ಜಿಲ್ಲೆಯಾದ ಮರುವರ್ಷ. ನಾವು ಭೀಮನಬೀಡಿನಲ್ಲಿದ್ದೆವು. ಮಗ ಚಾಮರಾಜನಗರದ ಆಫೀಸೊಂದರಲ್ಲಿ ಕೆಲಸಕ್ಕಿದ್ದ. ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ನನಗೆ ತಲೆಸುತ್ತು ಬಂತೆಂದು ಚಾಮರಾಜನಗರಕ್ಕೇ ಕರೆದೊಯ್ದು ಡಾಕ್ಟರಿಗೆ ತೋರಿಸಿದ. ಬಿಪಿ ಎಂದರು, ದಿನಕ್ಕೊಂದು ಮಾತ್ರೆ ಬರೆದರು. ನೀರಿನಲ್ಲಿ ನುಂಗಿದರೆ ಮಾತ್ರೆ ನನಗೆ ಗಂಟಲಲ್ಲೇ ನಿಲ್ಲುತ್ತದೆ. ಮುದ್ದೆಯನ್ನು ಹೇಗೂ ಅಗಿಯುವುದಿಲ್ಲವಲ್ಲ; ಮೊದಲ ತುತ್ತಿನ ನಡುವೆ ಮಾತ್ರೆ ಒತ್ತಿ, ಸಾರಿಗೆ ಅದ್ದಿ ಇಳಿಸುತ್ತಿದ್ದೆ. ಎರಡು ತಿಂಗಳು ಏನೂ ಆಗಲಿಲ್ಲ.

ಒಂದು ಮಧ್ಯಾಹ್ನ ಉಂಡು ಎದ್ದ ಮೇಲೆ ಕೆಳತುಟಿ ಜೇನು ಕಡಿದಂತೆ ಊದಿತು. ನೋವಿಲ್ಲ, ತುರಿಕೆಯಿಲ್ಲ. ಮಾರನೇ ದಿನಕ್ಕೆ ಇಳಿಯಿತು. ವಾರದೊಳಗೆ ಮತ್ತೆ ಊದಿತು, ಈ ಸಲ ಕೆನ್ನೆಯೂ ಸೇರಿ. ಪಕ್ಕದ ಮನೆಯವಳು ಗೋಡೆಯಾಚೆಯಿಂದ ನೋಡಿದಳು.

“ನಿನ್ ಸೊಸೆ ಪುಣಜನೂರೋಳು ಅಲ್ವಕ್ಕಾ? ಕಾಡಂಚಿನೋರ್ಗೆ ಬೇರುನಾರು ಎಲ್ಲಾ ಗೊತ್ತಿರ್ತದೆ. ನೋಡ್ಕಂಡು ಉಣ್ಣು.”

ಅಂದಿನಿಂದ ನಾನು ಅಡುಗೆಮನೆಯ ಬಾಗಿಲಲ್ಲೇ ಕೂತೆ. ಸೊಸೆ ಸೊಪ್ಪು ಬಿಡಿಸಿದರೆ ಎಲೆ ಎಲೆಯನ್ನೂ ನೋಡಿದೆ. ತಟ್ಟೆ ಇಟ್ಟಾಗ ಅಂದೆ:

“ಮೊದ್ಲು ನೀನೊಂದ್ ತುತ್ತು ನುಂಗಮ್ಮಿ.”

ಅವಳು ನನ್ನ ಮುಖ ನೋಡಿದಳು. ನನ್ನ ತಟ್ಟೆಯಿಂದಲೇ ಮುರಿದು ನುಂಗಿದಳು. “ಸತ್ತಿಲ್ಲ ಕಣತ್ತೆ, ಉಣ್ಣಿ.”

ದಿನವೂ ಹಾಗೇ ನಡೆಯಿತು. ಆದರೂ ನನಗೆ ತೃಪ್ತಿಯಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ನನ್ನದೇ ಒಲೆ ಹೂಡಿದೆ. ಶನಿವಾರ ಮಗ ಬಂದಾಗ, “ಇವಳ್ನ ಅವರಪ್ಪನ ಮನೇಗ್ ಬುಟ್ಬಾ. ಇಲ್ದಿದ್ರೆ ನನ್ ಹೆಣ ಎತ್ತೀಯ” ಎಂದೆ. ಅವನು ತಲೆ ತಗ್ಗಿಸಿ, “ಮುಂದಿನ ಶನಿವಾರ ಕರ್ಕೊಂಡೋಯ್ತೀನಿ ಬುಡವ್ವ” ಎಂದ. ಸೊಸೆ ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬಿ ಬಾಗಿಲ ಮೂಲೆಗಿಟ್ಟಳು.

ಬುಧವಾರ ನನ್ನ ಒಲೆಯಲ್ಲಿ, ನಾನೇ ಬೀಸಿಸಿಕೊಂಡು ಬಂದ ಹಿಟ್ಟಿನಲ್ಲಿ, ನಾನೇ ತೊಳಸಿದ ಮುದ್ದೆ ಉಂಡೆ. ಸ್ವಲ್ಪ ಹೊತ್ತಿಗೆ ನಾಲಿಗೆ ದಪ್ಪವಾಯಿತು. ಎಂಜಲು ನುಂಗಲಾಗಲಿಲ್ಲ, ಮಾತು ಗೊಗ್ಗರಾಯಿತು. ಮನೆಯಲ್ಲಿ ಸೊಸೆಯೊಬ್ಬಳೇ. ಗೂಡಿನಲ್ಲಿದ್ದ ನನ್ನ ಮಾತ್ರೆ ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ರಟ್ಟೆ ಹಿಡಿದು ಗುಂಡ್ಲುಪೇಟೆ ಬಸ್ಸು ಹತ್ತಿಸಿದಳು. ಎಲ್ಲಿ ತಳ್ಳುತ್ತಾಳೋ ಎಂದು ಬಸ್ಸಿನ ಬಾಗಿಲ ಕಡೆಗೆ ನಾನು ಕೂರಲಿಲ್ಲ.

ಗುಂಡ್ಲುಪೇಟೆಯ ಡಾಕ್ಟರು ಸೂಜಿ ಚುಚ್ಚಿ, “ಏನು ತಿಂದರು?” ಎಂದರು.

“ನಾನು ಬೇಯ್ಸಿದ್ದಲ್ಲ ಸಾರ್” ಎಂದಳು ಸೊಸೆ. “ನನ್ ಒಲೆ ಮುದ್ದೆ ಉಂಡಾಗ್ಲೂ ಊದ್ತು, ಅವರ ಒಲೆ ಮುದ್ದೆ ಉಂಡಾಗ್ಲೂ ಊದ್ತು. ಎರಡರೊಳಗೂ ಇದ್ದದ್ದು ಇದೊಂದೇ.” ಮಾತ್ರೆ ಹಾಳೆಯನ್ನು ಮೇಜಿನ ಮೇಲಿಟ್ಟಳು.

ಅವರು ಹೆಸರು ಓದಿದರು. “ಇದೇ ಇರಬೇಕು. ಬಿಪಿಗೆ ಒಳ್ಳೆಯದೇ, ಆದರೆ ಕೆಲವರಿಗೆ ಹೀಗೆ ಊತ ತರುತ್ತೆ, ತಿಂಗಳುಗಟ್ಟಲೆ ನುಂಗಿದ ಮೇಲೂ. ಗಂಟಲು ಊದಿದರೆ ಉಸಿರೇ ಕಟ್ಟುತ್ತೆ. ಇನ್ನು ಇದನ್ನ ಮುಟ್ಟಬೇಡಿ. ಯಾವ ಡಾಕ್ಟರ ಹತ್ತಿರ ಹೋದರೂ ಹೇಳಿ.”

ಇವರಿಬ್ಬರೂ ಮೊದಲೇ ಮಾತಾಡಿಕೊಂಡಿರಬಹುದು ಎಂದೂ ನನಗೆ ಅನ್ನಿಸಿತು. ಆದರೆ ಆ ಮುದ್ದೆಗೆ ಸೊಸೆಯ ಕೈ ಸೋಕಿರಲಿಲ್ಲ, ಅದರೊಳಗೆ ಮಾತ್ರೆ ಒತ್ತಿದ್ದೂ ನನ್ನದೇ ಕೈ. ರಾತ್ರಿಯೆಲ್ಲ ಅಲ್ಲೇ ಇರಿಸಿಕೊಂಡು, ಬೆಳಿಗ್ಗೆ ಬೇರೆ ಮಾತ್ರೆ ಬರೆದು ಕಳಿಸಿದರು.

ಶನಿವಾರ ಮಗ ಬಂದು ಚೀಲಕ್ಕೆ ಕೈ ಹಾಕಿದ. “ಅದನ್ನ ಒಳಗಿಡು ಕಣ್ಲಾ” ಎಂದೆ. ಹಿತ್ತಲ ಮೂರು ಕಲ್ಲನ್ನೂ ಬೇಲಿಗೆ ಎಸೆದು ಬಂದು ಅಡುಗೆಮನೆಯಲ್ಲಿ ತಟ್ಟೆ ಮುಂದೆ ಕೂತೆ. ಸೊಸೆ ಮುದ್ದೆಯಿಟ್ಟು, ಒಂದು ತುತ್ತು ಮುರಿದು ತನ್ನ ಬಾಯಿಗೆ ಹಾಕಿಕೊಂಡಳು.

“ನಿನ್ನ ಯಾರಮ್ಮಿ ಕೇಳಿದ್ದು?”

“ಅಭ್ಯಾಸ ಆಗೋಗದೆ ಕಣತ್ತೆ.”

ಉಳಿದದ್ದನ್ನು ನಾನು ಉಂಡೆ. ಹೊಸ ಮಾತ್ರೆಯನ್ನು ಮಾತ್ರ ಮುದ್ದೆಯಲ್ಲಿ ಇಡಲಿಲ್ಲ. ಒಂದು ಗಂಟೆ ಬಿಟ್ಟು, ಒದ್ದಾಡಿಕೊಂಡು ನೀರಿನಲ್ಲೇ ನುಂಗಿದೆ. ಏನಾದರೂ ಆದರೆ ಯಾವುದರಿಂದ ಆಯಿತೆಂದು ತಿಳಿಯಬೇಕಲ್ಲ.