ತಿಜೋರಿಯ ಗೀಳು

ಬೀಗ ರಿಪೇರಿಯವನ ಅಂಗಡಿಗೆ ಆ ತಿಜೋರಿ ಬಂದದ್ದು ಗುಜರಿ ಗಾಡಿಯಲ್ಲಿ. ಆಳೆತ್ತರದ ಕಬ್ಬಿಣದ್ದು, ಕೀಲಿಕೈ ಇಲ್ಲ. ಕೆಡವುತ್ತಿದ್ದ ಯಾವುದೋ ಕಚೇರಿಯಲ್ಲಿ ಸಿಕ್ಕಿತಂತೆ. ಇಪ್ಪತ್ತೆರಡು ವರ್ಷಗಳಲ್ಲಿ ಅವನ ಕೈಗೆ ಬಗ್ಗದ ಬೀಗವಿರಲಿಲ್ಲ. ಇದು ಬಗ್ಗಲಿಲ್ಲ.

ಅಂಗಡಿಯ ಹಿಂದೆಯೇ ಮನೆ. ಮೊದಮೊದಲು ಊಟಕ್ಕೆ ಎದ್ದು ಬರುತ್ತಿದ್ದ. ಆಮೇಲೆ ಹೆಂಡತಿಯೇ ತಟ್ಟೆ ಒಯ್ದಿಡಬೇಕಾಯಿತು. ಗಿರಾಕಿಗಳು ಬಂದರೆ ತಲೆಯೆತ್ತದೆ "ನಾಳೆ ಬನ್ನಿ" ಅನ್ನುತ್ತಿದ್ದ. ದಿನವಿಡೀ ತಿಜೋರಿಗೆ ಕಿವಿ ಹಚ್ಚಿ ತಂತಿ ಆಡಿಸುತ್ತ ಕೂತವನ ಕೆನ್ನೆಯ ಮೇಲೆ ತುಕ್ಕಿನ ಕಲೆ ತೊಳೆದರೂ ಹೋಗದಂತಾಯಿತು.

"ಏನೋ ಹವ್ಯಾಸ, ಹೋಗ್ಲಿ ಬಿಡು ಅಂದ್ಕೊಂಡಿದ್ದೆ ಅಕ್ಕಾ," ಎಂದಳು ಹೆಂಡತಿ, ನೋಡಲು ಬಂದ ತನ್ನ ಅಕ್ಕನ ಹತ್ತಿರ.

ಅಕ್ಕ ಶಾಲೆಯಲ್ಲಿ ಭಾಷೆ ಕಲಿಸುವವಳು. "ಹವ್ಯಾಸ ಅಂದ್ರೆ ನಾವು ಬೆಳೆಸ್ಕೊಳ್ಳೋದು ಕಣೇ. ಇದು ಗೀಳು. ಗೀಳನ್ನ ಯಾರೂ ಬೆಳೆಸ್ಕೊಳ್ಳಲ್ಲ, ಅದು ಹತ್ತುತ್ತೆ. ಬೆಂಕಿ ಹತ್ತುತ್ತೆ ಅಂತೀವಲ್ಲ, ಹಾಗೆ."

"ಪಾಠ ಸಾಕು ಮಾರಾಯ್ತಿ. ಆರಿಸೋದು ಹೇಗೆ, ಅದನ್ನ ಹೇಳು."

ಅಕ್ಕ ಅಂಗಡಿಯತ್ತ ಒಮ್ಮೆ ಇಣುಕಿ ನೋಡಿ, ಚೀಲ ಎತ್ತಿಕೊಂಡು ಹೊರಟಳು.

ಐದನೆಯ ತಿಂಗಳು ತಿಜೋರಿ ತೆರೆಯಿತು. ಒಳಗೆ ಏನೂ ಇರಲಿಲ್ಲ. ಹೆಂಡತಿಗೆ ಹೋದ ಜೀವ ಬಂದಂತಾಯಿತು. "ಮುಗೀತಲ್ಲ, ಇನ್ನು ಗುಜರಿಗೆ ಹಾಕಿ," ಎಂದಳು. ಅವನು ತಾನೇ ಉಜ್ಜಿ ಮಾಡಿದ್ದ ಕೀಲಿಕೈಯನ್ನು ಜೇಬಿಗಿಳಿಸಿ, ಬಾಗಿಲಿನ ಒಳಮೈ ಸವರುತ್ತ ನಿಂತಿದ್ದ.

"ಒಳಗಿನಿಂದ ತೆಗೆಯೋಕಾಗುತ್ತಾ?" ಎಂದ. ಅವಳನ್ನು ಕೇಳಿದ್ದಲ್ಲ ಅದು.

ಮೂರನೆಯ ದಿನ ಮಧ್ಯಾಹ್ನ ಅವಳು ತಟ್ಟೆ ಹಿಡಿದು ಬಂದರೆ ಅಂಗಡಿಯಲ್ಲಿ ಯಾರೂ ಇಲ್ಲ. ತಿಜೋರಿ ಮುಚ್ಚಿತ್ತು. ಬಾಗಿಲು ಎಳೆದರೆ ತಾನಾಗಿ ಬೀಳುವ ಬೀಗ ಅದು. ಒಳಗಿನಿಂದ ಲೋಹ ಕೆರೆಯುವ ಸಣ್ಣ ಸದ್ದು ಕೇಳಿಸಿತು.

"ರೀ! ಕೀಲಿಕೈ ಎಲ್ಲಿ?"

ಕೆರೆತ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಕೀಲಿಕೈ ಅವನ ಜೇಬಿನಲ್ಲೇ ಇತ್ತು.

ಪಕ್ಕದ ವೆಲ್ಡಿಂಗ್ ಅಂಗಡಿಯವನು ಓಡಿಬಂದು ಹಿಂಬದಿಯ ತಗಡು ಕೊಯ್ಯುವಷ್ಟರಲ್ಲಿ ಆ ಸದ್ದೂ ನಿಂತಿತ್ತು. ಎಳೆದು ಮಲಗಿಸಿದಾಗ ತುಟಿ ನೀಲಿಗಟ್ಟಿತ್ತು. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟ. ಅಳುತ್ತಿದ್ದ ಹೆಂಡತಿಯತ್ತ ನೋಡಲಿಲ್ಲ, ಕೊಯ್ದ ತಗಡಿನತ್ತ ನೋಡಿದ.

"ಹಾಳು ಮಾಡಿಬಿಟ್ಟೆಯಲ್ಲೇ. ಬೀಗದೊಳಗೆ ಇನ್ನೊಂದೇ ಲಿವರ್ ಎತ್ತೋದು ಉಳಿದಿತ್ತು."

ಮರುದಿನವೇ ಅವಳು ತಿಜೋರಿಯನ್ನು ಗುಜರಿಗೆ ಸಾಗಿಸಿದಳು. ಅವನು ತಡೆಯಲಿಲ್ಲ. ಅದೇ ಅವಳಿಗೆ ದಿಗಿಲು ಹುಟ್ಟಿಸಿತು.

ವಾರದ ಮೇಲೆ ವೆಲ್ಡಿಂಗಿನವನು ಬಾಗಿಲಲ್ಲಿ ನಿಂತು ಅವಳಿಗೆ ಮೆಲ್ಲಗೆ ಹೇಳಿದ: "ಅಕ್ಕಾ, ಯಜಮಾನ್ರು ಬೆಳಿಗ್ಗೆ ಒಂದು ಅಳತೆ ತಂದಿದ್ರು. ಮನುಷ್ಯ ಹಿಡಿಯೋಷ್ಟು ಪೆಟ್ಟಿಗೆ ಮಾಡ್ಕೊಡು, ಸಂದಿ ಇರಬಾರದು ಅಂದ್ರು. ನಾನು ಆಗಲ್ಲ ಅಂದೆ. ಬೇರೆ ಕಡೆ ಹೋದ್ರು."

ಅವಳು ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದು ಓಡಿದಳು.