ಕಳ್ಳಿಗೂ ಹಕ್ಕಿಗೂ ಏನು ವ್ಯತ್ಯಾಸ

ನಮ್ಮವರಿಗೆ ಸ್ಟ್ರೋಕ್ ಆಗಿ ಬಲಗೈಯೂ ಮಾತೂ ಒಟ್ಟಿಗೇ ಹೋದವು. ಕೈಗೆ ನಿಧಾನಕ್ಕೆ ಶಕ್ತಿ ಬಂತು. ಮಾತು ಮಾತ್ರ "ಹಾಂ", "ಅದು" ಎಂಬಲ್ಲಿಗೇ ನಿಂತುಬಿಟ್ಟಿತು. ಶೃಂಗೇರಿಯಿಂದ ವಾರಕ್ಕೊಮ್ಮೆ ಬಸ್ಸು ಹತ್ತಿ ಕೊಪ್ಪಕ್ಕೆ ಹೋಗುತ್ತಿದ್ದೆವು, ಮಾತು ಕಲಿಸುವ ಡಾಕ್ಟರಮ್ಮನ ಹತ್ತಿರ. ಆಕೆ ಒಂದು ಕಟ್ಟು ಚಿತ್ರದ ಕಾರ್ಡು ಕೊಟ್ಟು, "ದಿನಾ ಎರಡೆರಡು ತೆಗೀರಿ, ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳಿ. ಅವರೇ ಹೇಳ್ಬೇಕು ಅಮ್ಮ, ನೀವು ಬಾಯಿ ಹಾಕ್ಬೇಡಿ" ಎಂದರು. ನನಗೆ ಸಿಟ್ಟು ಬಂತು. ನಾನೂ ಬಾಯಿ ಮುಚ್ಚಿಕೊಂಡು ಕೂತರೆ ಮನೆಯಲ್ಲಿ ಮಾತಾಡುವವರು ಯಾರು?

ಒಂದು ಬೆಳಿಗ್ಗೆ ಕಾಫಿ ಕುಡಿದು ಕಾರ್ಡು ಎಳೆದರೆ, ಒಂದರಲ್ಲಿ ಪಾಪಾಸುಕಳ್ಳಿ, ಇನ್ನೊಂದರಲ್ಲಿ ಹಮ್ಮಿಂಗ್ ಬರ್ಡ್. "ಎಂತ ಕರ್ಮ ಮಾರಾಯ್ರೆ! ಈ ಹಕ್ಕಿ ನಮ್ಮ ದೇಶದಲ್ಲೇ ಇಲ್ವಂತೆ. ನಮ್ಮ ದಾಸವಾಳಕ್ಕೆ ಬರೋ ಸೂರಕ್ಕಿ ಹಾಕಿದ್ರೆ ಈ ಕಾರ್ಡು ಮಾಡಿದವರ ಗಂಟೇನು ಹೋಗ್ತಿತ್ತು?" ಎಂದೆ. ಅವರು ಚಿತ್ರ ನೋಡುತ್ತಲೇ ಇದ್ದರು. ನಾನು ತಡೆಯಲಾರದೆ ಶುರುಮಾಡಿದೆ: ಇದು ನಿಂತಲ್ಲೇ ನಿಲ್ಲುತ್ತೆ, ಅದು ಹಾರುತ್ತೆ, ಇದಕ್ಕೆ ಮುಳ್ಳು, ಅದಕ್ಕೆ ಕೊಕ್ಕು, ಇದು ನೀರಿಲ್ಲದೆ ಬದುಕುತ್ತೆ, ಅದಕ್ಕೆ ಗಳಿಗೆಗೊಮ್ಮೆ ಜೇನು ಬೇಕು. "ಹೇಳಿ, ಒಂದಾದ್ರೂ ಹೇಳಿ!" ಅವರ ತುಟಿ ಅಲುಗಿತು, ಏನೂ ಬರಲಿಲ್ಲ. ಇನ್ನು ಈ ಮನುಷ್ಯ ನನ್ನ ಜೊತೆ ಮಾತಾಡುವುದೇ ಇಲ್ಲವೇನೋ ಎಂದು ಹೆದರಿಕೆಯಾಗಿ ಅಳು ಉಕ್ಕಿ ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಕೂತೆ.

ನಾನು ಸುಮ್ಮನಾದಾಗಲೇ ಅದು ಬಂದದ್ದು.

"ಕ... ಕಳ್ಳಿ."

ಸಂತೋಷದಿಂದ ಕಾರ್ಡು ನೋಡಿದೆ. ಆದರೆ ಅವರ ಬೆರಳು ಕಾರ್ಡಿನ ಮೇಲಿರಲಿಲ್ಲ, ನನ್ನ ಕಡೆಗಿತ್ತು. ಯಾರ ಮನೆಗೆ ಊಟಕ್ಕೆ ಹೋದರೂ ಹೇಳದೆ ಕೇಳದೆ ಹೂಗಿಡದ ಒಂದು ಗೆಲ್ಲು ಮುರಿದು ಸೆರಗಿನಲ್ಲಿ ಅಡಗಿಸಿ ತರುವವಳು ನಾನು. ಕದ್ದು ತಂದ ಗಿಡ ಚೆನ್ನಾಗಿ ಬೇರು ಬಿಡುತ್ತದೆಂದು ನಮ್ಮ ಕಡೆ ಹೆಂಗಸರೆಲ್ಲ ನಂಬಿದ್ದೇವೆ. ಎನ್.ಆರ್.ಪುರದ ನೆಂಟರ ಮನೆಯಿಂದ ಬರುವಾಗೆಲ್ಲ ಬಸ್ಸಿನಲ್ಲಿ ಅವರು ನನ್ನ ಕಿವಿಯಲ್ಲಿ ಹೇಳುತ್ತಿದ್ದದ್ದು ಅದೇ ಮಾತು.

"ನಾನು ಕಳ್ಳಿಯಾ? ಹಾಗಾದ್ರೆ ಈ ಹಕ್ಕಿ ಯಾರು?"

ಬಹಳ ಹೊತ್ತು ಹುಡುಕಿದರು. ಈ ಸಲ ನಾನು ಬಾಯಿ ಹಾಕಲಿಲ್ಲ.

"ಅದೂ... ನೀನೇ. ಸುಮ್ನೆ... ಇರೂದಿಲ್ಲ."

ಬಾಯಿಯ ಒಂದು ಕಡೆ ಮಾತ್ರ ನಗುತ್ತಿತ್ತು. ಕಾರ್ಡುಗಳನ್ನು ಕೆಳಗೆ ಬಿಟ್ಟು ಅವರ ಕೈ ಹಿಡಿದುಕೊಂಡು, "ಇನ್ನೊಂದು ಸಲ ಬೈಯಿರಿ ಮಾರಾಯ್ರೆ" ಎಂದೆ.