ನಿದ್ದೆ ಬಂದವರಿಗೆ ಮಾತ್ರ ಬೆಕ್ಕು

ನನ್ನ ಗಂಡ ಇತ್ತೀಚೆಗೆ ಒಂದು ಪರೀಕ್ಷೆಯಲ್ಲಿ ಫೇಲಾದರು. ಡ್ರೈವಿಂಗ್ ಟೆಸ್ಟ್ ಅಲ್ಲ. ಕಣ್ಣಿನ ಟೆಸ್ಟ್ ಅಲ್ಲ. ಮಲಗುವ ಟೆಸ್ಟ್!

ಒಣಹುಲ್ಲಿನ ಮೇಲೆ ಮಲಗಿ ನಿದ್ದೆ ಮಾಡಬೇಕಿತ್ತು, ಅಷ್ಟೇ. ಪಕ್ಕದಲ್ಲಿದ್ದ ನಮ್ಮ ಸೋದರತ್ತೆ ತಲೆ ಊರಿದ ಕೂಡಲೇ ಗೊರಕೆ ಶುರುಮಾಡಿ ಡಿಸ್ಟಿಂಕ್ಷನ್‌ನಲ್ಲಿ ಪಾಸಾದರು. ಇವರು ಮಾತ್ರ ತಗಡಿನ ಚಾವಣಿ ನೋಡುತ್ತಾ ಬಿದ್ದಿದ್ದರು. ಫಲಿತಾಂಶ? ಬೆಕ್ಕು ಸಿಗಲಿಲ್ಲ.

ತಲೆಬುಡ ತಿಳಿಯಲಿಲ್ಲ ಅಲ್ಲವೇ? ತಡೆಯಿರಿ, ಮೊದಲಿನಿಂದ ಹೇಳುತ್ತೇನೆ.

ಇವರು ಬಸ್ ಡ್ರೈವರ್. (ಆಗಿದ್ದರು ಅನ್ನಬೇಕು. ಬಾಯಿಗೆ ಇನ್ನೂ ಬರುತ್ತಿಲ್ಲ.) ಸರ್ವಿಸ್ ಪೂರ್ತಿ ಮುಳಬಾಗಿಲ ಮೇಲೆ ಆಂಧ್ರಕ್ಕೆ ಹೋಗುವ ರಾತ್ರಿ ಬಸ್ಸು. ನಾನು ಕೋಲಾರದಲ್ಲಿ ಸ್ಕೂಲ್ ಟೀಚರ್. ಅವರು ಮನೆಗೆ ಬರುವಾಗ ನಾನು ಚಪ್ಪಲಿ ಮೆಟ್ಟುತ್ತಿದ್ದೆ. ನಾನು ಬರುವಾಗ ಅವರು ಶೂ ಲೇಸು ಬಿಗಿಯುತ್ತಿದ್ದರು. ನಮ್ಮದು ಹೊಸ್ತಿಲ ಮೇಲೆ ನಡೆದ ಸಂಸಾರ.

ರಿಟೈರ್ ಆದರು. ಇನ್ನು ಹಾಯಾಗಿ ಮಲಗಬಹುದು ಅಂದುಕೊಂಡೆವು. ಆಗಲೇ ನಿದ್ದೆ ಕೈಕೊಟ್ಟಿತು. ಕಣ್ಣು ಮುಚ್ಚುತ್ತಾರೆ, ಇನ್ನೇನು ಹತ್ತಿತು ಅನ್ನುವಷ್ಟರಲ್ಲಿ ಬಲಗಾಲು ಮಂಚದ ಹಲಗೆಯನ್ನು ಗಕ್ಕನೆ ಒದೆಯುತ್ತದೆ. ಬ್ರೇಕ್!

"ಏನ್ರೀ ಆಯ್ತು?"

"ಏನಿಲ್ಲ ಕಣೇ, ತಿರುವು ಬಂತು."

ಡಾಕ್ಟರು ಮಾತ್ರೆ ಕೊಟ್ಟರು. ತಲೆ ಮಲಗಿತು, ಕಾಲು ಮಲಗಲಿಲ್ಲ. ಒಂದು ಬೆಳಿಗ್ಗೆ ಹಾಲು ಕಾಯಿಸಲು ಇಟ್ಟು ಒಲೆಯ ಎದುರೇ ನಿಂತಿದ್ದರು. ಹಾಲು ಉಕ್ಕಿ, ಒಲೆ ಆರಿ, ಗ್ಯಾಸಿನ ವಾಸನೆ ಹಿತ್ತಲವರೆಗೂ ಬಂದಿತ್ತು. ಇವರಿಗೆ ಗೊತ್ತೇ ಆಗಿರಲಿಲ್ಲ. ಕಣ್ಣು ಬಿಟ್ಟುಕೊಂಡೇ ಎಲ್ಲಿಗೋ ಹೋಗಿದ್ದರು. ನನಗೆ ನಿಜಕ್ಕೂ ಭಯವಾದದ್ದು ಅವತ್ತು.

ಆಮೇಲೆ ಒಂದು ಸಂಜೆ ತಾವಾಗಿಯೇ ಕೇಳಿದರು: "ಒಂದು ಬೆಕ್ಕು ಸಾಕೋಣ್ವಾ?"

ಬೆಕ್ಕು ಅಡ್ಡ ಬಂದರೆ ಡ್ರೈವರುಗಳು ಗಾಡಿ ನಿಲ್ಲಿಸುತ್ತಾರಲ್ಲ, ಇವರೂ ನಿಲ್ಲಿಸುತ್ತಿದ್ದರು. ಪ್ಯಾಸೆಂಜರುಗಳು ಶಕುನ ಅಂದುಕೊಂಡು ಕೈಮುಗಿಯುತ್ತಿದ್ದರಂತೆ. ಇವರಿಗೆ ಶಕುನವೂ ಇಲ್ಲ, ಎಂಥದೂ ಇಲ್ಲ. "ಆ ರಸ್ತೇಲಿ ಆತುರ ಇಲ್ದೆ ಹೋಗ್ತಿದ್ದ ಜೀವ ಅದೊಂದೇ. ನೋಡೋಕೆ ಆಸೆ ಆಗ್ತಿತ್ತು."

ಇಷ್ಟು ವರ್ಷ ಇದನ್ನು ನನಗೆ ಹೇಳಿರಲೇ ಇಲ್ಲ! ಹೇಳಲು ಹೊಸ್ತಿಲ ಮೇಲೆ ಟೈಮ್ ಎಲ್ಲಿತ್ತು?

ಸರಿ, ಬೆಕ್ಕು ತರುವುದು ಅಂತಾಯಿತು. ಅಂಗಡಿಯಲ್ಲಿ ಮಾರುವ ಉದ್ದ ಕೂದಲಿನ ಜಾತಿಬೆಕ್ಕು ಬೇಡ, ಯಾರಿಗೂ ಬೇಡವಾಗಿ ಬೀದಿಗೆ ಬಿದ್ದದ್ದನ್ನೇ ತರೋಣ ಅಂದರು. ಆರಿಸುವುದು ಹೇಗೆ? ಅದಕ್ಕೆ ಹೋಳೂರಿನಿಂದ ನಮ್ಮ ಸೋದರತ್ತೆ ವೆಂಕಟಮ್ಮನನ್ನು ಕರೆಸಿದೆವು. ಅತ್ತೆಯದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆ. ಗೂಡು ಕಟ್ಟಲು ಹಣ್ಣಾದ ಹುಳು ಅಂದರೆ ಇಲಿಗಳಿಗೆ ಹೋಳಿಗೆ ಊಟ. ಹಾಗಾಗಿ ಅಲ್ಲಿ ಬೆಕ್ಕು ಅಂದರೆ ಮನೆಯ ನೌಕರ. ಅವರು ಇಂಟರ್‌ವ್ಯೂ ಮಾಡುವ ರೀತಿಯೇ ಬೇರೆ. ಕತ್ತಿನ ಹಿಂದಿನ ಚರ್ಮ ಹಿಡಿದು ಎತ್ತುತ್ತಾರೆ. ಹಿಂಗಾಲು ಮಡಚಿ ಹೊಟ್ಟೆಗೆ ಎಳೆದುಕೊಂಡರೆ ಬೇಟೆಯ ಬೆಕ್ಕು. ಕಾಲು ಇಳಿಬಿಟ್ಟರೆ ರಿಜೆಕ್ಟ್.

ನಮ್ಮ ಮನೆಯಲ್ಲಿ ರೇಷ್ಮೆಯೂ ಇಲ್ಲ, ಇಲಿಯೂ ಇಲ್ಲ. ಆದರೂ ಅದೇ ಟೆಸ್ಟು ಸಾಕು ಅಂತ ಹೊರಟೆವಲ್ಲ, ನಮ್ಮ ಬುದ್ಧಿಗೆ ಏನನ್ನಬೇಕು?

ಶ್ರೀನಿವಾಸಪುರದ ಹೊರಗೆ ಪದ್ಮಕ್ಕನದೊಂದು ಮಾವಿನ ಶೆಡ್ಡು. ಹಣ್ಣಿನ ಕಾಲದಲ್ಲಿ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಕಾಲ ಮುಗಿದ ಮೇಲೆ ಖಾಲಿ ಕ್ರೇಟು, ಒಣಹುಲ್ಲು, ಪಾರಿವಾಳ. ಪದ್ಮಕ್ಕ ಹೈವೇ ಬದಿಯಿಂದ, ಸಂತೆಯ ಮೋರಿಯಿಂದ ಎತ್ತಿತಂದ ಬೆಕ್ಕುಗಳು ಆ ಕ್ರೇಟುಗಳಲ್ಲಿ ಮಲಗಿರುತ್ತವೆ. ಹೆಸರುಗಳೂ ಹಣ್ಣಿನವೇ. ಬಾದಾಮಿ, ರಸಪುರಿ, ಮಲ್ಲಿಕಾ, ಸೇಂದೂರ. ಮೂತಿ ಸ್ವಲ್ಪ ಸೊಟ್ಟಗಿದ್ದ ಒಂದು ಮುದಿಬೆಕ್ಕಿಗೆ ತೋತಾಪುರಿ.

ಅತ್ತೆ ಒಳಗೆ ಕಾಲಿಟ್ಟವರೇ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ರಸಪುರಿಯ ಕತ್ತಿಗೆ ಕೈಹಾಕಿದರು. ಅದು ಹಿಂಗಾಲು ಮಡಚಿತು. "ಇದು ಆಗ್ತದೆ!" ಅಂದರು. ಪಕ್ಕದ ಮಲ್ಲಿಕಾಳನ್ನು ಎತ್ತಿದರು. ಒದ್ದೆ ಬಟ್ಟೆಯ ಹಾಗೆ ನಾಲ್ಕೂ ಕಾಲು ಇಳಿಬಿಟ್ಟು ಆಕಳಿಸಿತು.

"ಥೂ, ಇದು ಬೆಕ್ಕಲ್ಲ ಕಣೇ, ದಿಂಬು!"

ಪದ್ಮಕ್ಕ ನಕ್ಕರು. "ಇಳಿಸಮ್ಮಾ ಪಾಪ. ಇಲ್ಲಿ ಆರಿಸೋ ಹಂಗಿಲ್ಲ. ಮಲ್ಕೊಬೇಕು."

"ಏನಂದ್ರಿ?"

"ಮಧ್ಯಾಹ್ನ ಇಲ್ಲೇ ಒಂದು ನಿದ್ದೆ ತೆಗೀಬೇಕು. ಎದ್ದಾಗ ಯಾವುದು ಮಗ್ಗುಲಲ್ಲಿ ಇರ್ತದೋ ಅದು ನಿಮ್ಮದು. ನೋಡೋಕೆ ಚೆಂದ ಅಂತ ಎತ್ಕೊಂಡು ಹೋಗ್ತಾರಕ್ಕಾ. ಆಮೇಲೆ ಪರಚ್ತು ಅಂತ ತಂದು ಗೇಟ್ ಹತ್ರ ಬಿಸಾಕಿ ಹೋಗ್ತಾರೆ. ನೀವು ಎದ್ದಿರುವಾಗ ಬೆಕ್ಕನ್ನ ಮುದ್ದಾಡ್ತೀರಾ, ಅದ್ರಲ್ಲಿ ಏನು ಗೊತ್ತಾಗ್ತದೆ? ಮಲಗಿದಾಗ ನೀವು ಎಂಥೋರು ಅಂತ ಅದಕ್ಕೆ ತಿಳೀಬೇಕು."

(ನಮಗಿಂತ ಮುಂಚೆ ಮಾಲೂರಿನಿಂದ ಒಂದು ಜೋಡಿ ಬಂದಿತ್ತಂತೆ. ಸೋಫಾಗೆ ಮ್ಯಾಚ್ ಆಗುವ ಬಿಳಿ ಬೆಕ್ಕು ಬೇಕಿತ್ತಂತೆ. ಹುಲ್ಲಿನ ಮೇಲೆ ಮಲಗಿ ಅಂದದ್ದಕ್ಕೆ ಕಾರು ಹತ್ತಿ ಹೋದರಂತೆ.)

"ಕೊನೆಗೆ ಬೆಕ್ಕೇ ನಮ್ಮನ್ನ ಆರಿಸುತ್ತೆ ಅನ್ನಿ," ಅಂದೆ ನಾನು, ದೊಡ್ಡ ಮಾತಾಡಿದವಳಂತೆ.

"ಅಯ್ಯೋ, ಅದಕ್ಕೆ ನಿಮ್ಮನ್ನ ಕಟ್ಕೊಂಡು ಏನಾಗ್ಬೇಕು? ಬೆಚ್ಚಗಿರೋ ಜಾಗ ಹುಡುಕ್ತದೆ, ಅಷ್ಟೇ!"

ಮಲಗಿದೆವು. ಹುಲ್ಲಿನಲ್ಲಿ ಹೋದ ಹಂಗಾಮಿನ ಹಣ್ಣಿನ ವಾಸನೆ ಇನ್ನೂ ಇತ್ತು. ತಗಡಿನ ಮೊಳೆತೂತುಗಳಿಂದ ಬಿಸಿಲು ಸಣ್ಣ ಸಣ್ಣ ಬಿಲ್ಲೆಗಳಾಗಿ ನಮ್ಮ ಮೇಲೆಲ್ಲ ಬಿದ್ದಿತ್ತು. ಗಾಳಿ ಬಂದಾಗ ಹೊರಗಿನ ಮಾವಿನ ಕೊಂಬೆ ಅಲ್ಲಾಡಿ, ಬಿಲ್ಲೆಗಳು ಆರಿ ಆರಿ ಹತ್ತುತ್ತಿದ್ದವು. ನಮ್ಮಜ್ಜಿ ನಿದ್ದೆಗೆ ಎಷ್ಟೊಂದು ಹೆಸರು ಹೇಳುತ್ತಿದ್ದಳು! ಉಂಡ ಮೇಲೆ ಬರುವುದು ಮಂಪರು. ಕೂತಲ್ಲೇ ಬರುವುದು ತೂಕಡಿಕೆ. ಮಗುವನ್ನು ತಟ್ಟುತ್ತಾ ತಟ್ಟುತ್ತಾ ತಟ್ಟುವವಳಿಗೇ ಬರುವುದು ಜೊಂಪು. ಈಗ ನಮ್ಮ ಬಳಿ ಉಳಿದಿರುವುದು ಒಂದೇ: ನಿದ್ದೆ ಬರುತ್ತಿಲ್ಲ.

ನನಗೆ ಜೊಂಪು ಹತ್ತಿರಬೇಕು. ಕ್ರೇಟುಗಳೆಲ್ಲ ಬಸ್ಸಿನ ಸೀಟುಗಳಾದವು. ಒಂದೊಂದರಲ್ಲಿ ಒಂದೊಂದು ಬೆಕ್ಕು, ಟಿಕೆಟ್ ಕೇಳುವವರಿಲ್ಲ. ಬಸ್ಸು ಹೊರಟಿತೋ ನಿಂತಿತ್ತೋ ತಿಳಿಯದು. ಕಿಟಕಿಯಾಚೆ ಮಾವಿನ ತೋಪುಗಳು ಮಾತ್ರ ತೇಲುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದವು.

ಗಕ್! ಯಾರೋ ಬ್ರೇಕ್ ಹಾಕಿದರು. ಕಣ್ಣು ಬಿಟ್ಟೆ. ಇವರ ಕಾಲು ಖಾಲಿ ಕ್ರೇಟಿಗೆ ಒದ್ದಿತ್ತು. ಬೆಕ್ಕುಗಳು ದಿಕ್ಕಾಪಾಲಾಗಿ ಓಡಿದ್ದವು. ಓಡದೆ ಉಳಿದದ್ದು ಮಲ್ಲಿಕಾ ಒಬ್ಬಳೇ. ಗೊರೆಯುತ್ತಿದ್ದ ಅತ್ತೆಯ ಹೊಟ್ಟೆಯ ಮೇಲೆ ಏರಿ ಇಳಿಯುತ್ತಾ ಮಲಗಿದ್ದಳು.

"ನಾಕೊದ್ದು ತಲ್ಲೀ, ನನಗೆ ಬೇಡ ಈ ದಿಂಬು!" ಅಂತ ಅತ್ತೆ ಎದ್ದವರೇ ಬಾಯಿ ಮಾಡಿದರು. ಸಂಜೆ ಹೋಳೂರಿಗೆ ಹೊರಟಾಗ ಅವರ ಬುಟ್ಟಿಯಲ್ಲಿ ಮಲ್ಲಿಕಾ ಇದ್ದಳು.

"ಅಣ್ಣನಿಗೆ ಇವತ್ತು ಕೊಡೋಕಾಗಲ್ಲ," ಅಂದರು ಪದ್ಮಕ್ಕ. ಇವರ ಮುಖ ಚಿಕ್ಕದಾಯಿತು. ಆ ಮುಖ ನೋಡಲಾಗದೆ ನಾನೇ ಜಗಳಕ್ಕೆ ನಿಂತೆ. "ನಿದ್ದೆ ಬರಲ್ಲ ಅಂತಾನೇ ಅಲ್ವೇನ್ರೀ ಬೆಕ್ಕು ಕೇಳ್ತಿರೋದು? ನಿದ್ದೆ ಮಾಡಿದ್ರೇ ಬೆಕ್ಕು ಅಂದ್ರೆ ಹೆಂಗೆ?"

"ಇವತ್ತು ಆಗಲ್ಲ ಅಂದೆ. ಇನ್ನೊಂದ್ಸಲ ಬರಬೇಡಿ ಅಂದ್ನಾ?"

ಹೋದೆವು. ಭಾನುವಾರ ಬಂದರೆ ಬುತ್ತಿ ಕಟ್ಟಿಕೊಂಡು ಶ್ರೀನಿವಾಸಪುರ. ಮಲಗಲು ಊರು ಬಿಟ್ಟು ಊರಿಗೆ ಹೋಗುವ ಗಂಡಹೆಂಡತಿ ಜಿಲ್ಲೆಯಲ್ಲಿ ನಾವಿಬ್ಬರೇ ಇರಬೇಕು! ಪ್ರತಿ ಸಲವೂ ಅದೇ ಕಥೆ. ಕಾಲು ಒದೆಯುವುದು, ಬೆಕ್ಕು ಓಡುವುದು. "ಸಾಕು ಬಿಡೇ, ನನ್ನ ಕಾಲಿಗೆ ಹೆದರದೆ ಇರೋ ಬೆಕ್ಕು ಎಲ್ಲಿ ಸಿಗ್ತದೆ?" ಅಂದರು ಇವರು. ಮಾತು ನಗುತ್ತಲೇ ಬಂತು, ಕಣ್ಣು ನಗಲಿಲ್ಲ.

ಆಮೇಲಿನ ಒಂದು ಭಾನುವಾರ ಮೋಡ ಕವಿದಿತ್ತು. ಶೆಡ್ಡಿನೊಳಗೆ ಬಿಸಿಲಿನ ಬಿಲ್ಲೆಗಳಿಲ್ಲ, ಬರೀ ಬೂದುಬಣ್ಣದ ಬೆಳಕು. ಇವರು ಮಲಗಿದರು, ಕಾಲು ಒದೆಯಿತು, ಕ್ರೇಟು ಬಿತ್ತು, ಬೆಕ್ಕುಗಳು ಓಡಿದವು. ಆಗ ಮೂಲೆಯಿಂದ ತೋತಾಪುರಿ ಎದ್ದು ಬಂತು. ಮುಳಬಾಗಿಲ ರಸ್ತೆಯ ಪಂಕ್ಚರ್ ಅಂಗಡಿಯ ಹಿಂದೆ ಸಿಕ್ಕಿದ್ದಂತೆ, ಕಿವಿ ಪೂರ್ತಿ ಕಿವುಡು. ಕ್ರೇಟು ಬಿದ್ದ ಸದ್ದು ಅದಕ್ಕೆ ಕೇಳಿಸಿರಲೇ ಇಲ್ಲ. ಆತುರವಿಲ್ಲದೆ ನಡೆದು ಬಂದು ಇವರ ಬಲಪಾದವನ್ನು ಮೂಸಿತು. ಎರಡು ಸುತ್ತು ಸುತ್ತಿತು. ಪಾದದ ಮೇಲೆಯೇ ಮುದುಡಿ ಕೂತಿತು.

"ಅಲ್ಲಾಡ್ಬೇಡಿ," ಅಂದೆ ಪಿಸುಮಾತಿನಲ್ಲಿ.

"ಹೆಂಗೆ ಅಲ್ಲಾಡ್ಲಿ? ಮಲಗಿದೆಯಲ್ಲೇ ಪಾಪ."

ಪಾಪದ ಬೆಕ್ಕಿಗೆ ಎಚ್ಚರವಾದೀತು ಅಂತ ಕಾಲನ್ನು ಕಲ್ಲು ಮಾಡಿ ಹಿಡಿದರು. ಮೊದಲು ಮಂಡಿ ಸಡಿಲವಾಯಿತು. ಆಮೇಲೆ ಕೈ. ಆಮೇಲೆ ಹುಬ್ಬು. ಮತ್ತೆ ಮಾತಾಡಿಸಿದರೆ ಉತ್ತರವಿಲ್ಲ!

"ಪಡುಕೋ ನಾಯನಾ, ಮಲ್ಕೋ," ಅಂತ ಪದ್ಮಕ್ಕ ಬಾಗಿಲು ಮುಂದೆಳೆದು ಹೋದರು. ಬೆಕ್ಕಿಗೆ ಹೇಳಿದರೋ ಇವರಿಗೋ ಗೊತ್ತಿಲ್ಲ.

ನಾವು ಹತ್ತಬೇಕಿದ್ದ ಬಸ್ಸು ಹೋಯಿತು. ಅದರ ಹಿಂದಿನದೂ ಹೋಯಿತು. ಹಾರ್ನಿಗೂ ಇವರು ಏಳಲಿಲ್ಲ. ನಾನು ಕ್ರೇಟಿನ ಮೇಲೆ ಕೂತು ನೋಡುತ್ತಿದ್ದೆ. ಇವರಿಗೆ ನಿದ್ದೆಯಲ್ಲಿ ತುಟಿ ಸ್ವಲ್ಪ ತೆರೆಯುತ್ತದೆ. ಬಲಗೈ ಎದೆಯ ಮೇಲೆ ಮಗುವಿನ ಕೈಯ ಹಾಗೆ ಮಡಚಿಕೊಳ್ಳುತ್ತದೆ. ಹಣೆಯ ಗೆರೆಗಳು ಎಲ್ಲಿಗೋ ಹೊರಟುಹೋಗುತ್ತವೆ. ಮದುವೆಯಾಗಿ ಇಷ್ಟು ವರ್ಷವಾದರೂ ಇವರು ಮಲಗಿರುವುದನ್ನು ನಾನು ಪೂರ್ತಿ ನೋಡಿದ್ದು ಅದೇ ಮೊದಲು. ಎಷ್ಟು ಸಾಧು ಮುಖ! ಇದು ಯಾಕೆ ನನಗೆ ಗೊತ್ತಿರಲಿಲ್ಲ?

ಈಗ ತೋತಾಪುರಿ ನಮ್ಮ ಮನೆಯಲ್ಲಿದೆ. ಹಾಲು ಕಾಯಿಸುವ ಕೆಲಸ ಇವರಿಗೇ ಬಿಟ್ಟಿದ್ದೇನೆ. ಅತ್ತೆ ಆಗಾಗ ಫೋನ್ ಮಾಡುತ್ತಾರೆ. "ನಮ್ಮನೇಲಿ ಇಲಿ ಓಡ್ಸೋದು ನಾನು ಕಣೇ, ನಿದ್ದೆ ಮಾಡೋದು ಮಲ್ಲಿಕಾ. ಹುಳದ ಮನೆ ಗತಿ ದೇವರೇ ನೋಡ್ಬೇಕು!" ವಾಪಸ್ ಕೊಡುತ್ತೀರಾ ಅಂದರೆ ಲೈನ್ ಕಟ್.

ಇವರು ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಒಂದು ಗಂಟೆಯೊಳಗೆ ಎದ್ದುಹೋಗಿದ್ದರು. ಗಂಡು ಹೆಣ್ಣಿನ ಮನೆಯಲ್ಲಿ ಒಂದು ಮಧ್ಯಾಹ್ನ ಮಲಗಿ ಎದ್ದು ಹೋಗಲಿ ಅನ್ನುವ ಬುದ್ಧಿ ನಮ್ಮ ಹಿರಿಯರಲ್ಲಿ ಒಬ್ಬರಿಗಾದರೂ ಯಾಕೆ ಹೊಳೆಯಲಿಲ್ಲ?